ಕಂಡಕ್ಟರರ ಹಾಜರಿ

ಸತ್ತವರನ್ನು ಹಾಜರಿ ಪುಸ್ತಕದಲ್ಲಿ ಬದುಕಿಸಿಡುವುದು ದೊಡ್ಡ ಕೆಲಸವೇನಲ್ಲ. ಒಂದು ಸಹಿ ಹಾಕಿದರಾಯಿತು. ಊರಿನ ಸಾರ್ವಜನಿಕ ಗ್ರಂಥಾಲಯದ ಸಮಿತಿಯವರು ಎರಡು ವರ್ಷ ಮಾಡಿದ್ದು ಇಷ್ಟೇ. ಸಹಿ ಹಾಕುತ್ತಿದ್ದವಳು ಸತ್ತವರ ಹೆಂಡತಿ.

ಅವಳು ಅಲ್ಲಿನ ಗ್ರಂಥಪಾಲಕಿ. ಊರಿಗೆಲ್ಲ ಲೈಬ್ರರಿ ಅಕ್ಕ. ಎಪ್ಪತ್ತು ದಾಟಿದ ಮುದುಕರೂ ನಾಚಿಕೆಯಿಲ್ಲದೆ ‘ಅಕ್ಕಾ’ ಎನ್ನುತ್ತಿದ್ದರು. ಬೆಳಗ್ಗೆ ಹತ್ತಕ್ಕೆ ಬೀಗ ತೆಗೆಯುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು, ವಾಪಸು ಬಂದ ಪುಸ್ತಕಗಳನ್ನು ನಂಬರಿನ ಪ್ರಕಾರ ಕಪಾಟಿಗೆ ಸೇರಿಸುವುದು, ಪುಟ ಹರಿದು ತಂದು ‘ನಾನು ತಗೊಂಡು ಹೋಗುವಾಗಲೇ ಹೀಗಿತ್ತು’ ಎನ್ನುವವರ ಮುಖವನ್ನು ಒಂದು ನಿಮಿಷ ಸುಮ್ಮನೆ ನೋಡುವುದು, ಎಲ್ಲವೂ ಅವಳೇ. ಇದರ ಮೇಲೆ, ಮತ ಹಾಕುವ ಹಕ್ಕಿಲ್ಲದ ಸಮಿತಿಯ ಕಾರ್ಯದರ್ಶಿ ಕೆಲಸವನ್ನೂ ಅವಳ ತಲೆಗೇ ಕಟ್ಟಿದ್ದರು. ತಿಂಗಳ ಮೊದಲ ಶನಿವಾರ ನಾಲ್ಕು ಗಂಟೆಗೆ ಮಹಡಿಯ ಕೋಣೆಯಲ್ಲಿ ಸಭೆ. ಯಾರು ಬಂದರು, ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವವಳು ಅವಳು.

ಸಮಿತಿಗೆ ಐದು ಜನ. ಅಧ್ಯಕ್ಷರು ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು. ಮದುವೆ ಕಾಗದವನ್ನೂ ತಪ್ಪಿಲ್ಲದೆ ಅಚ್ಚು ಹಾಕಿ ಗೊತ್ತಿಲ್ಲ, ಆದರೆ ಮನುಷ್ಯ ಕೆಟ್ಟವರಲ್ಲ. ಮಿಕ್ಕವರು ಒಬ್ಬ ಟೈಲರ್, ಒಬ್ಬರು ನಿವೃತ್ತ ಟೀಚರಮ್ಮ, ಒಬ್ಬ ಕಾಂಪೌಂಡರ್. ಐದನೆಯವರು ಓದುಗರ ಪ್ರತಿನಿಧಿ, ಅಕ್ಕನ ಗಂಡ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್. ನಿಂತೇ ಅಭ್ಯಾಸವಾಗಿದ್ದರಿಂದ, ಕುರ್ಚಿ ಖಾಲಿಯಿದ್ದರೂ ಕಪಾಟಿಗೆ ಒರಗಿ ನಿಂತು ಓದುವ ಆಸಾಮಿ. ಅವಳು ಕೆಲಸಕ್ಕೆ ಸೇರುವ ಮೊದಲೇ ಸಮಿತಿಯಲ್ಲಿದ್ದವರು, ಆಮೇಲೆ ಅವಳನ್ನು ಮದುವೆಯಾದವರು. ‘ಲೈಬ್ರರಿಯಿಂದ ತಂದು ವಾಪಸು ಕೊಡದೆ ಇಟ್ಕೊಂಡಿದ್ದು ಇದೊಂದೇ’ ಎಂದು ಅವಳನ್ನು ತೋರಿಸಿ ನಗುತ್ತಿದ್ದರು.

ಐವರಲ್ಲಿ ನಾಲ್ವರಾದರೂ ಸೇರದೆ ಸಭೆ ನಡೆಯುವಂತಿಲ್ಲ, ಅದು ಕೋರಂ. ಕೋರಂ ಇಲ್ಲದ ಸಭೆ ಮಾಡಿದ ಠರಾವು ಕಾಗದದ ಮೇಲಿನ ಮಸಿ, ಅಷ್ಟೇ. ಕಾಂಪೌಂಡರ್ ವರ್ಷದ ಬಹುಪಾಲು ದೂರದ ಮಗಳ ಮನೆಯಲ್ಲಿ ಠಿಕಾಣಿ ಹೂಡುತ್ತಿದ್ದ. ಉಳಿದ ನಾಲ್ವರಲ್ಲಿ ಒಬ್ಬರಿಗೆ ನೆಗಡಿಯಾದರೂ ಸಭೆ ಮುಂದಕ್ಕೆ ಹೋಗುತ್ತಿತ್ತು. ಅಂಥದ್ದರಲ್ಲಿ ಕಂಡಕ್ಟರ್ ತೀರಿಕೊಂಡರು. ರಸ್ತೆಯ ದೂಳೆಲ್ಲ ಎದೆಯಲ್ಲಿ ಕೂತಿತ್ತು. ಎರಡು ವರ್ಷ ಏದುಸಿರು ಬಿಟ್ಟರು, ಒಂದು ದಿನ ಅದನ್ನೂ ಬಿಟ್ಟರು.

ಹತ್ತು ದಿನ ಕಳೆದು ಸಭೆ. ಪತ್ರಿಕೆಗಳ ಚಂದಾ ಮುಗಿಯುತ್ತಿತ್ತು, ಠರಾವಾಗದಿದ್ದರೆ ಒಂದನೇ ತಾರೀಕಿನಿಂದ ಕೋಲುಗಳಲ್ಲಿ ಪೇಪರಿಲ್ಲ. ಯಜಮಾನರು ತಲೆ ಕೆರೆದುಕೊಂಡರು.

‘ಮೇಲಿನ ಕಚೇರಿಗೆ ಬರಿಯೋಣ, ಹೊಸಬರನ್ನ ಹಾಕ್ತಾರೆ. ಅಲ್ಲೀವರೆಗೆ ಇದೊಂದು ಸಲ... ಅವರಿದ್ದಿದ್ರೂ ಪೇಪರ್ ಬೇಡ ಅಂತಿದ್ರಾ? ನೀವೇ ಒಂದು ಸಹಿ ಹಾಕ್ಬಿಡಿ.’

ಟೀಚರಮ್ಮ ಕಿಟಕಿಯಾಚೆ ನೋಡಿದರು. ‘ಕಾಂಪೌಂಡರಿಗಿಂತ ಇವರೇ ವಾಸಿ, ಊರಲ್ಲಾದ್ರೂ ಇದ್ದಾರೆ’ ಎಂದ ಟೈಲರ್, ಬಾಯಿ ಜಾರಿದ್ದು ತಿಳಿದು ನಾಲಗೆ ಕಚ್ಚಿಕೊಂಡ. ಅಕ್ಕ ಪೆನ್ನು ತೆಗೆದುಕೊಂಡಳು. ಕೊನೆಕೊನೆಗೆ ಗಂಡನ ಕೈ ನಡುಗುತ್ತಿದ್ದಾಗ ಮನೆಯ ಕಾಗದಗಳಿಗೆಲ್ಲ ಅವಳೇ ಅವರ ಸಹಿ ಹಾಕುತ್ತಿದ್ದಳು, ಕೈಗೆ ಕೂತಿತ್ತು. ಗಟ್ಟಿಯಾಗಿದ್ದ ಕಾಲದ ಸಹಿಯನ್ನೇ ಹಾಕಿದಳು, ಕೊನೆಯಲ್ಲಿ ಉದ್ದಕ್ಕೆ ಎಳೆದ ಗೆರೆಯೊಂದಿಗೆ. ಹಾಕಿದ ಮೇಲೆ ಎದೆ ಹಗುರವಾಯಿತು. ಅದರಿಂದ ಅವಳಿಗೇ ಆಶ್ಚರ್ಯವಾಯಿತು.

ಮೇಲಿನ ಕಚೇರಿಗೆ ಮೂರು ಸಲ ಬರೆದರು. ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು, ಮೂರನೆಯದು ಕಂಡಕ್ಟರರ ಹೆಸರಿಗೇ ಬಂತು. ಹಾಗಾಗಿ ಒಂದು ಸಲವೆಂದದ್ದು ಇಪ್ಪತ್ತನಾಲ್ಕು ಸಲವಾಯಿತು. ನಡುವೆ ಒಂದು ಸಭೆಯಲ್ಲಿ ಯಜಮಾನರು ಎರಡನೇ ಅವಧಿಗೆ ಅಧ್ಯಕ್ಷರಾಗಿ ಆರಿಸಿಬಂದರು. ಅದೇ ಸಭೆಯಲ್ಲಿ, ಹನ್ನೊಂದು ವರ್ಷ ಹಂಗಾಮಿಯಾಗಿ ದುಡಿದ ಗ್ರಂಥಪಾಲಕಿಯನ್ನು ಖಾಯಂ ಮಾಡಿದರು. ಎರಡೂ ಠರಾವಿನ ಕೆಳಗೆ ನಾಲ್ಕು ಸಹಿ. ಒಂದು ಸತ್ತವರದು.

ಅಕ್ಕ ಅಂಜುಬುರುಕಿಯಲ್ಲ. ಕತ್ತಲೆ ಉಗ್ರಾಣದಲ್ಲಿ ಇಲಿಗಳ ಜೊತೆ ಒಬ್ಬಳೇ ಹಳೇ ಸಂಪುಟಗಳನ್ನು ಎಣಿಸಿದವಳು. ಆದರೆ ಆರನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ, ಹಾಜರಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವುವಾಗ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ತಾನೇ ಹಾಕಿದ್ದ ಗಂಡನ ಸಹಿ ನಡುಗುತ್ತಿತ್ತು. ಪೆನ್ನು ಸರಿಯಿಲ್ಲವೆಂದುಕೊಂಡಳು. ಅದೇ ಪೆನ್ನಿನಲ್ಲಿ, ಅದೇ ನಿಮಿಷದಲ್ಲಿ ಕಾರ್ಯದರ್ಶಿಯಾಗಿ ಹಾಕಿದ ಅವಳ ಸ್ವಂತ ಸಹಿ ಕೆಳಗೇ ಇತ್ತು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಮುಂದಿನ ತಿಂಗಳು ಪೆನ್ನು ಬದಲಿಸಿದಳು. ಉಸಿರು ಬಿಗಿಹಿಡಿದು ಗಟ್ಟಿ ಕಾಲದ ಸಹಿಯನ್ನೇ ಹಾಕಿದಳು. ಕೈ ಎತ್ತಿ ನೋಡಿದರೆ ಅಕ್ಷರಗಳು ಇನ್ನಷ್ಟು ಕುಸಿದಿದ್ದವು.

ಆಮೇಲೆ ಮೆಟ್ಟಿಲು. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಕಂಡಕ್ಟರ್ ಕೊನೆಯ ವರ್ಷ ಹನ್ನೊಂದರಲ್ಲಿ ನಿಂತು, ಗೋಡೆಗೆ ಕೈಕೊಟ್ಟು, ಉಸಿರು ಕೂಡಿಸಿಕೊಂಡು ಮೇಲೆ ಬರುತ್ತಿದ್ದರು. ಈಗ ನಾಲ್ಕು ಗಂಟೆಯ ಹಾಡುಹಗಲಲ್ಲಿ, ಹಾಜರಿ ಮುಗಿಯುವ ಹೊತ್ತಿಗೆ, ಆ ಉಸಿರು ಕೇಳತೊಡಗಿತು. ಅವಳೊಬ್ಬಳಿಗೇ ಅಲ್ಲ. ಮಾತಾಡುತ್ತಿದ್ದ ಟೀಚರಮ್ಮ ತಟ್ಟನೆ ನಿಲ್ಲಿಸಿ ಬಾಗಿಲ ಕಡೆ ನೋಡುವರು. ಟೈಲರ್ ತನ್ನ ಕುರ್ಚಿಯನ್ನು ಒಂದಿಷ್ಟು ಸರಿಸಿ ಜಾಗ ಬಿಡುವನು. ಯಜಮಾನರು ಕೆಮ್ಮಿ ‘ಮುಂದಿನ ವಿಷಯ’ ಎನ್ನುವರು. ಒಬ್ಬರು ಬಾಯಿಬಿಟ್ಟರೆ ಎಲ್ಲರ ಬಂಡವಾಳವೂ ಬಯಲಾಗುತ್ತಿತ್ತು.

ನಿಜ ಹೇಳಬೇಕೆಂದರೆ, ಅಕ್ಕನಿಗೆ ಮೊದಲು ಭಯವಲ್ಲ, ಸಂತೋಷವೇ ಆಯಿತು. ಸಭೆಯ ದಿನ ತಲೆ ಚೆನ್ನಾಗಿ ಬಾಚಿಕೊಂಡು ಬರುತ್ತಿದ್ದಳು. ಕಿಟಕಿಯ ಪಕ್ಕ ಗಾಳಿ ಬರುವಲ್ಲಿ ಒಂದು ಕುರ್ಚಿ ಹಾಕುತ್ತಿದ್ದಳು. ಆದರೆ ತಿಂಗಳಿಂದ ತಿಂಗಳಿಗೆ ಉಸಿರು ಎಳೆಯುವುದು ಉದ್ದವಾಯಿತು, ಕೀರಲಾಯಿತು. ಇಪ್ಪತ್ತನಾಲ್ಕನೇ ಸಹಿಯಲ್ಲಿ ಮೊದಲ ಅಕ್ಷರವೊಂದೇ ಇತ್ತು, ಮಿಕ್ಕದ್ದು ಪುಟದ ಕೆಳಕ್ಕೆ ಜಾರಿದ ಗೆರೆ. ಆಸ್ಪತ್ರೆಯ ಕಾಗದದ ಮೇಲೆ ಅವರು ಹಾಕಿದ್ದ ಕೊನೆಯ ಸಹಿ ಥೇಟ್ ಹಾಗೇ ಇತ್ತು. ಆಗ ಅವಳಿಗೆ ಅರ್ಥವಾಯಿತು. ಗಂಡ ಬದುಕಿ ಬರುತ್ತಿರಲಿಲ್ಲ. ಅವಳ ಕೈಯಲ್ಲಿ, ತಿಂಗಳಿಗೊಂದು ಸಲ, ಮತ್ತೊಮ್ಮೆ ಸಾಯುತ್ತಿದ್ದರು. ಮತ್ತು ಅವಳು ಅವರನ್ನು ಮೆಟ್ಟಿಲು ಹತ್ತಿಸುತ್ತಿದ್ದಳು.

ಇಪ್ಪತ್ತೈದನೇ ಸಭೆಗೆ ಬಂದ ವಿಷಯ ಒಂದೇ. ಕೆಳಗಿನ ಓದುವ ಕೋಣೆ ನಗರಸಭೆಗೆ ಬೇಕಂತೆ, ಲೈಸೆನ್ಸ್ ಕೊಡುವ ಕೌಂಟರ್ ಮಾಡಲು. ಆರು ಉದ್ದದ ಮೇಜು, ನಲವತ್ತು ಕುರ್ಚಿ, ಅದರಲ್ಲಿ ಮೂರು ಕುಂಟು. ಪರೀಕ್ಷೆಗೆ ಓದುವವರು ಬರುತ್ತಾರೆ. ಎದುರಿನ ಆಸ್ಪತ್ರೆಯಲ್ಲಿ ತಮ್ಮವರನ್ನು ಮಲಗಿಸಿ, ಕೂರಲು ತಾವಿಲ್ಲದವರು ಬಂದು ಅದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತಾರೆ. ಭೂತಗನ್ನಡಿ ಹಿಡಿದ ಒಬ್ಬ ಅಜ್ಜ ನಿಧನವಾರ್ತೆಯಿಂದ ಶುರುಮಾಡಿ ಹಿಂದಕ್ಕೆ ಓದುತ್ತಾನೆ. ಇವರೆಲ್ಲ ಎಲ್ಲಿಗೆ ಹೋಗಬೇಕೆಂದು ನಗರಸಭೆಯ ಪತ್ರದಲ್ಲಿ ಬರೆದಿರಲಿಲ್ಲ.

ಅಕ್ಕ ವಾಡಿಕೆಯಂತೆ ಗಂಡನ ಸಹಿ ಮೊದಲೇ ಹಾಕಿಬಿಟ್ಟಿದ್ದಳು. ಈ ಸಲ ಬರೀ ಒಂದು ಚುಕ್ಕೆ, ಅದರ ಬಾಲ. ಆಮೇಲೆ ನೋಡಿದರೆ ಕಾಂಪೌಂಡರ್ ಬಾಗಿಲಲ್ಲಿ ಹಲ್ಲು ಬಿಡುತ್ತ ನಿಂತಿದ್ದ, ಯಜಮಾನರು ಹೇಳಿಕಳಿಸಿದ್ದರು. ಹೀಗೆ ಪುಸ್ತಕದಲ್ಲಿ ಐದೂ ಜನ ಹಾಜರಾದರು.

‘ಕೋಣೆ ಕೊಟ್ರೆ ಸೋರೋ ಮಾಳಿಗೆ ರಿಪೇರಿ ಮಾಡಿಸ್ತಾರಂತೆ’ ಎಂದರು ಯಜಮಾನರು. ‘ಪುಸ್ತಕ ಉಳಿದ್ರೆ ಸಾಲ್ದಾ? ಮನೇಲೇ ಕೂತು ಓದ್ಲಿ.’

‘ಮನೇಲಿ ಕೂರೋಕೆ ಜಾಗ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು?’ ಎಂದರು ಟೀಚರಮ್ಮ.

ಮತಕ್ಕೆ ಹಾಕಿದರು. ಯಜಮಾನರು, ಕಾಂಪೌಂಡರ್ ಪರ. ಟೀಚರಮ್ಮ, ಟೈಲರ್ ವಿರುದ್ಧ.

‘ಸಮಸಮ ಆಯ್ತು. ಅಧ್ಯಕ್ಷನಿಗೆ ಇನ್ನೊಂದು ನಿರ್ಣಾಯಕ ಮತ ಇದೆಯಲ್ಲ, ಅದನ್ನ ಪರವಾಗಿ ಹಾಕ್ತೀನಿ. ಬರ್ಕೊಳ್ಳಿ.’

‘ತಡೀರಿ’ ಎಂದ ಟೈಲರ್. ಅವನ ಕಿವಿ ಕೆಂಪಾಗಿತ್ತು. ‘ಪುಸ್ತಕದಲ್ಲಿ ಐದು ಜನ ಇದ್ದಾರೆ. ಐದನೇ ಮತ ಎಲ್ಲಿ? ಎರಡು ವರ್ಷ ಬೇಕಾದಾಗೆಲ್ಲ ಕರ್ಕೊಂಡ್ರಿ. ಇವತ್ತು ಕೇಳಿ ಅವರನ್ನ.’

ಎಲ್ಲರೂ ಅಕ್ಕನ ಕಡೆ ತಿರುಗಿದರು. ಪೆನ್ನು ಅವಳ ಕೈಯಲ್ಲಿತ್ತು. ‘ವಿರುದ್ಧ’ ಎಂದು ಒಂದು ಪದ ಬರೆದರೆ ಸಾಕು. ಕೋಣೆ ಉಳಿಯುತ್ತದೆ, ಅವಳ ಕೆಲಸ ಉಳಿಯುತ್ತದೆ, ಸತ್ತವರ ಮತ ಸುಳ್ಳೆಂದು ಸಾಧಿಸುವ ಮುಖ ಯಜಮಾನರಿಗಿಲ್ಲ. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಉಸಿರು ಕೇಳಿಸಿತು. ಹನ್ನೊಂದರಲ್ಲಿ ನಿಂತಿತು. ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಲು ಬಹಳ ಹೊತ್ತು ಹಿಡಿಯಿತು. ಕಾಂಪೌಂಡರ್ ಆ ಉಸಿರಿಗೆ ಹೊಸಬ, ಅವನ ಮುಖ ಸುಣ್ಣವಾಯಿತು. ‘ಯಾ... ಯಾರದು?’ ಎಂದ.

ಕರೆದರೆ ಬರುತ್ತಾರೆ ಎಂದು ಅಕ್ಕನಿಗೆ ಗೊತ್ತಿತ್ತು. ಎಷ್ಟೇ ಕಷ್ಟವಾಗಲಿ, ಉಳಿದ ಹನ್ನೊಂದು ಮೆಟ್ಟಿಲೂ ಹತ್ತಿ ಬರುತ್ತಾರೆ. ಮುಂದಿನ ತಿಂಗಳೂ ಬರಬೇಕು, ಅದರಾಚೆಯ ತಿಂಗಳೂ. ಅವಳಿಗೆ ಗಂಡನ ಮೇಲೆ ತಡೆಯಲಾರದ ಕನಿಕರ ಬಂತು. ಅವಳು ಪೆನ್ನಿನ ಮುಚ್ಚಳ ಹಾಕಿದಳು.

‘ಅವರು ಬಂದಿಲ್ಲ. ಇನ್ನು ಬರೋದೂ ಇಲ್ಲ. ಅವರು ತೀರ್ಕೊಂಡು ಎರಡು ವರ್ಷ ಆಯ್ತು. ಅವತ್ತಿನಿಂದ ಇವತ್ತಿನವರೆಗೆ ಹಾಕಿದ ಸಹಿ ಎಲ್ಲಾ ನಂದು.’

ಎಲ್ಲರಿಗೂ ಗೊತ್ತಿದ್ದ ಸಂಗತಿಯೇ, ಆದರೂ ಬಾಯಿಬಿಟ್ಟು ಹೇಳಿದಾಗ ಸುದ್ದಿಯ ಹಾಗೆ ಕೇಳಿಸಿತು. ಟೀಚರಮ್ಮ ಮೆಲ್ಲಗೆ ನಿಯಮದ ಪುಸ್ತಕ ಎಳೆದುಕೊಂಡರು, ಆದರೆ ತೆರೆಯಲಿಲ್ಲ.

‘ಹಾಗಾದ್ರೆ ನಿಮ್ಮನ್ನ ಎರಡನೇ ಸಲ ಅಧ್ಯಕ್ಷರು ಅಂತ ಆರಿಸಿದ ಸಭೆಗೇ ಕೋರಂ ಇರ್ಲಿಲ್ಲ’ ಎಂದರು ಟೀಚರಮ್ಮ, ಯಜಮಾನರಿಗೆ. ‘ನೀವು ಅಧ್ಯಕ್ಷರೇ ಅಲ್ಲ, ನಮ್ಮ ಹಾಗೆ ಒಬ್ಬ ಸದಸ್ಯರು. ನಿರ್ಣಾಯಕ ಮತ ಎಲ್ಲಿಂದ ಬಂತು? ಇವತ್ತು ನಾಲ್ಕು ಜನ ಇದ್ದೀವಿ, ಎರಡಕ್ಕೆ ಎರಡು. ಬಹುಮತ ಇಲ್ಲ, ಕೋಣೆ ಕೊಡೋ ಹಾಗಿಲ್ಲ.’

ಯಜಮಾನರು ಜಗಳಕ್ಕೆ ಬರುತ್ತಾರೆಂದು ಟೈಲರ್ ತೋಳು ಮಡಚಿ ಕೂತ. ಅವರು ಬರಲಿಲ್ಲ. ಅಕ್ಕನನ್ನೇ ನೋಡುತ್ತಿದ್ದರು.

‘ನನ್ನದು ಹೋಗ್ಲಿ ಬಿಡಿ. ನಿಮ್ಮನ್ನ ಖಾಯಂ ಮಾಡಿದ್ದೂ ಅದೇ ಸಭೆಯಲ್ಲಿ. ಗೊತ್ತಿದೆ ತಾನೆ?’

‘ಗೊತ್ತು. ಬರೆದವಳು ನಾನೇ.’

‘ಸುಳ್ಳು ಸಹಿ ಅಂದ್ರೆ ಹಂಗಾಮಿಯಾಗಿ ಕೂಡ ಇಟ್ಕೊಳ್ಳೋಲ್ಲ.’

‘ಅದೂ ಗೊತ್ತು.’

ಯಜಮಾನರು ಮುಖ ಉಜ್ಜಿಕೊಂಡರು. ಹತ್ತು ವರ್ಷ ಒಂದೇ ಸಲ ಏರಿದ ಹಾಗೆ ಕಂಡರು. ‘ನಾವು ಅವರಿಗೆ ಸಂತಾಪದ ಠರಾವು ಕೂಡ ಮಾಡ್ಲಿಲ್ಲವಲ್ಲ’ ಎಂದರು. ‘ಬದುಕಿದ್ದಾರೆ ಅಂತ ಬರ್ಕೊಂಡು ಹೇಗೆ ಮಾಡೋದು.’

ಎಲ್ಲರೂ ಎದ್ದು ನಿಂತರು. ಒಂದು ನಿಮಿಷ ಮೌನ. ಅಕ್ಕ ಕಿವಿಗೊಟ್ಟು ನಿಂತಳು. ಕೆಳಗೆ ಯಾರೋ ಕುರ್ಚಿ ಎಳೆದರು, ಯಾರೋ ಪುಟ ತಿರುಗಿಸಿದರು. ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಇಷ್ಟು ದಿನ ಎಲ್ಲಿತ್ತೋ, ಅಳು ಆಗ ಒತ್ತರಿಸಿಕೊಂಡು ಬಂತು. ಅವಳು ತಡೆಯಲು ಹೋಗಲಿಲ್ಲ.

ಕೂತ ಮೇಲೆ ಟೀಚರಮ್ಮ ಪೆನ್ನು ತೆಗೆದುಕೊಂಡರು. ಇನ್ನು ಬರೆಯುವ ಅಧಿಕಾರ ಅಕ್ಕನಿಗಿರಲಿಲ್ಲ. ಕಂಡಕ್ಟರರ ಹೆಸರು ಬರೆದರು. ಬಸ್ಸಿನಲ್ಲಿ ಮೂವತ್ತು ವರ್ಷದ ಸೇವೆ, ಓದುಗರ ಪ್ರತಿನಿಧಿ ಎಂದು ಬರೆದರು. ತೀರಿಕೊಂಡ ತಾರೀಕು ಕೇಳಿದರು. ಅಕ್ಕ ಹೇಳಿದಳು.

‘ಹೊತ್ತು ಎಷ್ಟಾಗಿತ್ತು?’

‘ಬೆಳಗ್ಗೆ ಹತ್ತು ಗಂಟೆ.’ ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಇವತ್ತೊಂದು ದಿನ ಸ್ವಲ್ಪ ತಡವಾಗಿ ಹೋಗೇ ಅಂದ್ರು. ಬಾಗಿಲ ಮುಂದೆ ಜನ ಕಾಯ್ತಿರ್ತಾರೆ ಅಂದೆ. ಬಂದ್ಬಿಟ್ಟೆ. ನಾನಿಲ್ಲಿ ಬೀಗ ತೆಗೀತಿದ್ದೆ, ಅವರಲ್ಲಿ ಒಬ್ಬರೇ ಹೋದ್ರು. ಇಪ್ಪತ್ತೈದು ಸಲ ಅವರ ಹಾಜರಿ ಹಾಕಿದೆ ಟೀಚರಮ್ಮ. ಅವತ್ತು ಅಲ್ಲಿ ಇಲ್ಲದವಳು ನಾನು.’

ಟೀಚರಮ್ಮನ ಪೆನ್ನು ನಿಂತಿತು. ಅದು ನಡಾವಳಿಯಲ್ಲಿ ಬರೆಯುವಂಥ ಮಾತಲ್ಲ. ಅವರು ಯಜಮಾನರ ಕಡೆ ನೋಡಿದರು, ಯಜಮಾನರು ತಲೆ ತಗ್ಗಿಸಿದರು.

‘ಬರೀರಿ’ ಎಂದಳು ಅಕ್ಕ.

ಟೀಚರಮ್ಮ ಬರೆದರು.