ನಿಜ ಹೇಳಿದರೆ ಏಟಿಲ್ಲ

ಸುಗಟೂರಿನ ಆಚೆಗಿನ ಹಳ್ಳಿಯ ಶಾಲೆಗೆ ಬಂದ ಮೊದಲ ದಿನವೇ ಕೋದಂಡರಾಮಪ್ಪ ಮೇಷ್ಟ್ರು ಬೆತ್ತವನ್ನು ಬೀರುವಿನ ಮೇಲೆಸೆದು, "ನಿಜ ಹೇಳಿದರೆ ಏಟಿಲ್ಲ," ಎಂದಿದ್ದರು. ಎಪ್ಪತ್ತೆಂಟನೇ ಇಸವಿಯಲ್ಲಿ ಅಂಥ ಮಾತನ್ನು ಮೇಷ್ಟ್ರುಗಳು ಆಡುತ್ತಿರಲಿಲ್ಲ. ಮಕ್ಕಳು ಮೊದಮೊದಲು ನಂಬಲಿಲ್ಲ. ನಂಬಿದ ಮೇಲೆ ಅವರ ಬಾಯಿಗೆ ಬೀಗವೇ ಇಲ್ಲದಂತಾಯಿತು.

ಎಲ್ಲರಿಗಿಂತ ತಡವಾಗಿ ಬರುವವಳು ಆರನೇ ಕ್ಲಾಸಿನ ಮುನಿಶಾಮಮ್ಮ. ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು. "ಹುಳ ಸಿಕ್ಕಾಪಟ್ಟೆ ಮೇಯ್ತಾವೆ ಸಾರ್, ಸೊಪ್ಪು ಕುಯ್ದು ಹಾಕಿ ಬಂದೆ," ಎನ್ನುವಳು. ಲೆಕ್ಕ ತಿಳಿಯದಿದ್ದರೂ ಅಷ್ಟೇ ಧೈರ್ಯವಾಗಿ, "ಇನ್ನೊಂದ್ಸಲ ಹೇಳಿ ಸಾರ್," ಎನ್ನುವಳು. ಮೇಷ್ಟ್ರಿಗೆ ಆ ಹುಡುಗಿಯ ಮೇಲೆ ಹೆಮ್ಮೆ. ತಮ್ಮ ಮೇಲೆ ಅದಕ್ಕಿಂತ ಹೆಚ್ಚು.

ಶ್ರಾವಣದಲ್ಲಿ ಶಾಲೆಯ ಗ್ಲೋಬು ಒಡೆಯಿತು. ಯಾರು ಎಂದು ಕೇಳಿದಾಗ ಮುನಿಶಾಮಮ್ಮ ಎದ್ದು, "ಚೇರ್ಮನ್ನರ ಮಗ ಒದ್ದ ಸಾರ್, ನಾನೇ ನೋಡ್ದೆ," ಎಂದಳು.

ಸಂಜೆಗೆ ಪಂಚಾಯ್ತಿ ಚೇರ್ಮನ್ ಚನ್ನರಾಯಪ್ಪ ಬಂದು ಮೇಷ್ಟ್ರ ಕುರ್ಚಿಯಲ್ಲೇ ಕೂತರು. "ನಿಮ್ಮನೆಯವರಿಗೆ ಏಳು ತಿಂಗಳಂತೆ. ಈಗ ಮುಳಬಾಗಿಲಿನಾಚೆ ಗಡಿಗೆ ವರ್ಗ ಆದ್ರೆ ಕಷ್ಟ ಅಲ್ವಾ ಮೇಷ್ಟ್ರೇ? ನನ್ ಮಗ ಒದ್ದಿಲ್ಲ. ಹೇಳ್ದೋಳೇ ಒಡೆದಿರ್ಬೇಕು," ಎಂದರು. ದನಿ ಏರಿಸಲೇ ಇಲ್ಲ.

ಮರುದಿನ ಬೀರುವಿನ ಮೇಲಿಂದ ಬೆತ್ತ ಇಳಿಯಿತು. ಸುಳ್ಳು ಹೇಳಿದ್ದಕ್ಕೆ ಎಂದು ಮುನಿಶಾಮಮ್ಮನ ಅಂಗೈಗೆ ಎರಡು ಏಟು. ಮೆಲ್ಲಗೆ ಹೊಡೆದ ಮೇಷ್ಟ್ರು ಅದನ್ನೇ ದೊಡ್ಡ ಉಪಕಾರ ಎಂದುಕೊಂಡರು. ಹುಡುಗಿ ಅಳಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದಳು.

ಅಂದಿನಿಂದ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. "ಅರ್ಥವಾಯ್ತಾ?" ಎಂದರೆ ನಲವತ್ತು ತಲೆ ಹೌದೆಂದು ಒಟ್ಟಿಗೆ ಅಲ್ಲಾಡುತ್ತಿದ್ದವು, ನೋಟ್‌ಬುಕ್ ತೆರೆದರೆ ಒಂದು ಲೆಕ್ಕವೂ ಸರಿಯಿರುತ್ತಿರಲಿಲ್ಲ. ನಾಚಿಕೆ ತಡೆಯಲಾರದೆ ಮೇಷ್ಟ್ರು ಬೆತ್ತವನ್ನು ಮಕ್ಕಳೆದುರೇ ಮುರಿದು ಶಾಲೆಯ ಮಧ್ಯಾಹ್ನದ ಉಪ್ಪಿಟ್ಟಿನ ಒಲೆಗೆ ಹಾಕಿದರು. ಆಮೇಲೂ ತಲೆಗಳು ಅಲ್ಲಾಡುತ್ತಲೇ ಇದ್ದವು.

ಒಂದು ಬೆಳಿಗ್ಗೆ ಮುನಿಶಾಮಮ್ಮ ಮತ್ತೆ ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ಕಾರಣ ಹೇಳಲಿಲ್ಲ, ಕೈ ಚಾಚಿದಳು. ಬೆರಳಿಗೆ ಹಿಪ್ಪುನೇರಳೆ ಸೊಪ್ಪಿನ ಕರೆ ಅಂಟಿತ್ತು.

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಅವತ್ತು ನೀನು ಹೇಳಿದ್ದೇ ನಿಜ ಕಣಮ್ಮ. ತಪ್ಪು ನಂದು. ಕೈ ಇಳಿಸು," ಎಂದರು, ಎಲ್ಲರಿಗೂ ಕೇಳುವಂತೆ.

ಅವಳು ಮುಂದಿನ ಸಾಲಿನಲ್ಲಿದ್ದ ಚೇರ್ಮನ್ನರ ಮಗನನ್ನು ಒಮ್ಮೆ ನೋಡಿದಳು, ಮೇಷ್ಟ್ರನ್ನು ಒಮ್ಮೆ ನೋಡಿದಳು. ಕೈ ಇಳಿಯಲಿಲ್ಲ.

"ಹೊಡೆದ್ಬಿಡಿ ಸಾರ್," ಎಂದಳು, "ಹೋಗಿ ಕೂತ್ಕೋತೀನಿ."