ಬಂಡೆಗುಂಡಿಯ ಕಡಲ್ಗಳ್ಳರು

“ಹಲ್ಲು ಕಿರೀಬ್ಯಾಡ್ವೆ ಮುಂಡೆ. ನೀನು ಕಳ್ಳರ ತಾಯಿ. ಮದ್ವೆ ಮನೆಗ್ ಬಂದಿರೋ ಬೀಗಿತ್ತಿ ಅಲ್ಲ,” ಎಂದ ಚನ್ನಕೇಶವ.

ಮುನಿಕೆಂಪಮ್ಮ ನಕ್ಕಿರಲಿಲ್ಲ. ಮೇಕಪ್ಪಿನವನು ಮಸಿ ಹಚ್ಚುವಾಗ ಬ್ರಷ್ಷು ತುಟಿಗೆ ತಾಗಿ ಬಾಯಿ ತಾನಾಗಿ ತೆರೆದುಕೊಂಡಿತ್ತು, ಅಷ್ಟೆ. ಅವಳು ಬಾಯಿ ಮುಚ್ಚಿಕೊಂಡಳು. ಮೊದಲೇ ಕಪ್ಪಗಿದ್ದ ಮುಖಕ್ಕೆ ಇನ್ನೂ ಎರಡು ಪದರ ಕಪ್ಪು ಬೇಕು ಎಂದು ಕ್ಯಾಮೆರಾದವರು ಹೇಳಿದ್ದರಂತೆ. ಅವಳ ಹಿಂದೆ ಒಂಬತ್ತು ಮನೆಗಳ ಜನ ಸಾಲಾಗಿ ಕೂತು ತಮ್ಮ ಸರದಿಗಾಗಿ ಕಾಯುತ್ತಿದ್ದರು.

ಬಾಗಲೂರಿನ ಆಚೆಗಿದ್ದ ಆ ಬಂಡೆಯನ್ನು ಚನ್ನಕೇಶವನ ಅಪ್ಪ ಗುತ್ತಿಗೆಗೆ ಹಿಡಿದ ಕಾಲದಿಂದ ಇವರು ಅಲ್ಲಿ ಕಲ್ಲು ಒಡೆದವರು. ಯಲಹಂಕದ ಅರ್ಧ ಮನೆಗಳ ಪಾಯದಲ್ಲಿ ಇವರು ಒಡೆದ ಕಲ್ಲಿದೆ. ಹನ್ನೆರಡು ವರ್ಷದ ಹಿಂದೆ ಸರ್ಕಾರದ ಆದೇಶ ಬಂದು ಬಂಡೆಯ ಕೆಲಸ ನಿಂತಿತು. ಕಲ್ಲು ತೆಗೆದ ಗುಂಡಿಯಲ್ಲಿ ನೀರು ತುಂಬಿ ಹಸಿರುಗಟ್ಟಿತು. ಚನ್ನಕೇಶವ ಸುತ್ತಲಿನ ಹೊಲಗಳನ್ನು ಸೈಟು ಮಾಡಿ ಮಾರಿ ಬಿಲ್ಡರ್ ಆದ. ಗುಂಡಿಯ ದಂಡೆಯ ಮೇಲೆ ಈ ಒಂಬತ್ತು ಮನೆಗಳು ಮಾತ್ರ ಹಾಗೇ ಉಳಿದವು. ಗೋಡೆಗಳು ಇವರೇ ಒಡೆದ ಕಲ್ಲಿನವು, ಮೇಲೆ ತಗಡು. ಹಕ್ಕುಪತ್ರ ಕೊಡುತ್ತೇವೆಂದು ಗ್ರಾಮಲೆಕ್ಕಿಗ ಮೂರು ಸಲ ಬಂದು ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಕೇಳಿದಾಗಲೆಲ್ಲ ಫೈಲು ಮೇಲಿದೆ ಅನ್ನುತ್ತಿದ್ದ.

ತಿಂಗಳ ಹಿಂದೆ ಚನ್ನಕೇಶವ ಸಿನಿಮಾದವರನ್ನು ಕರೆತಂದು ಗುಂಡಿ ತೋರಿಸಿದ. ಅವರಿಗೆ ಅದು ಹಿಡಿಸಿತು. ಹಸಿರು ನೀರೇ ಕಡಲಾಗುತ್ತದೆ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಮಾಡುತ್ತೇವೆ ಎಂದರು. ಆಚೆ ದಂಡೆಯಲ್ಲಿ ಪ್ಲೈವುಡ್ಡಿನ ಅರ್ಧ ಹಡಗು ಎದ್ದಿತು. ಈಚೆ ದಂಡೆಯ ಮನೆಗಳ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರು. ಆ ಗರಿ ಹೆಣೆದುಕೊಟ್ಟವರೂ ಇವರೇ. ಮೂರು ದಿನದ ಶೂಟಿಂಗು, ಎಲ್ಲರಿಗೂ ಪಾತ್ರ, ಊಟ ಕಂಪನಿಯದು, ಕೊನೆಯ ದಿನ ಬರೀ ಹೊಗೆ ಬಿಡುತ್ತಾರೆ ಎಂದು ಚನ್ನಕೇಶವ ಹೇಳಿದ್ದ. ಟೀವಿ, ಗ್ಯಾಸ್ ಸಿಲಿಂಡರು, ಪ್ಲಾಸ್ಟಿಕ್ ಬಿಂದಿಗೆ ಇದೇನೂ ಹಳೇ ಕಾಲದ ಕತೆಯಲ್ಲಿ ಕಾಣಬಾರದು, ಎಲ್ಲ ಜಲ್ಲಿ ಪುಡಿಮಾಡುತ್ತಿದ್ದ ಹಳೇ ಕ್ರಷರ್ ಶೆಡ್ಡಿಗೆ ಸಾಗಿಸಿ ಎಂದು ತನ್ನ ಟ್ರಾಕ್ಟರನ್ನೇ ಕಳಿಸಿದ್ದ. ಇಷ್ಟು ವರ್ಷದಲ್ಲಿ ಅವನು ಮಾಡಿದ ಮೊದಲ ಉಪಕಾರ ಎಂದು ಮುನಿಕೆಂಪಮ್ಮ ಅವತ್ತು ಅಂದುಕೊಂಡಿದ್ದಳು.

ಕತೆ ಏನೆಂದು ಮೊದಲ ದಿನವೇ ಹೇಳಿದವಳು ಸಹಾಯಕ ನಿರ್ದೇಶಕಿ ನಂದಿತಾ. ಆರ್.ಟಿ. ನಗರದ ಹುಡುಗಿ. ಇವರನ್ನು ನೀವು ಎಂದು ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. ಇನ್ನೂರು ವರ್ಷದ ಹಿಂದೆ ಅರಬ್ಬರ ಕರಾವಳಿಯಲ್ಲಿ ಒಂದು ಬುಡಕಟ್ಟು ಇತ್ತಂತೆ. ತಮ್ಮ ದಂಡೆಯ ಮುಂದೆ ಹಾದುಹೋಗುವ ಹಡಗುಗಳಿಂದ ಸುಂಕ ಕೇಳುತ್ತಿದ್ದರು, ಕೊಡದಿದ್ದರೆ ಹಡಗನ್ನೇ ಹಿಡಿಯುತ್ತಿದ್ದರು. ಮುಂಬಯಿಯಿಂದ ಇಂಗ್ಲಿಷರ ಯುದ್ಧನೌಕೆಗಳು ಹೋಗಿ ಅವರ ದೋಣಿಗಳನ್ನು ಸುಟ್ಟು, ಊರನ್ನು ಸುಟ್ಟು, ಉಳಿದವರ ಕೈಯಲ್ಲಿ ಇನ್ನು ಮೇಲೆ ಕಡಲ್ಗಳ್ಳತನ ಮಾಡುವುದಿಲ್ಲ ಎಂದು ಪತ್ರ ಬರೆಸಿಕೊಂಡವು. ಹಾಗೆ ಸುಟ್ಟ ಒಬ್ಬ ಕ್ಯಾಪ್ಟನ್ನೇ ಸಿನಿಮಾದ ನಾಯಕ.

ಮುನಿಕೆಂಪಮ್ಮನ ಮೈದುನ ಮುನಿಆಂಜಿನಪ್ಪ ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದ. ಬಂಡೆಗೆ ಮದ್ದು ಸಿಡಿಸಿ ಸಿಡಿಸಿ ಅವನ ಎಡಗಿವಿ ಹೋಗಿತ್ತು.

“ಆ ನೀರು ಯಾರ್ದಮ್ಮ?” ಎಂದು ಕೇಳಿದ.

“ಯಾರ್ದು ಅಂದ್ರೆ... ಅವ್ರು ತಲೆತಲಾಂತರದಿಂದ ಅಲ್ಲೇ ಇದ್ದೋರು.”

“ಇಂಗ್ಲಿಷ್ನೋರು?”

“ಅವ್ರು ವ್ಯಾಪಾರಕ್ಕೆ ಬಂದಿದ್ದು.”

“ಅಂಗಾದ್ರೆ ಕಳ್ಳರು ಯಾರು?”

ನಂದಿತಾ ಕೈಯಲ್ಲಿದ್ದ ಹಾಳೆಗಳನ್ನು ನೋಡಿಕೊಂಡು ನಕ್ಕಳು. “ಈ ಸ್ಕ್ರಿಪ್ಟಲ್ಲಿ ನೀವು, ತಾತ.”

ಎರಡನೆಯ ದಿನ ಆ ಪತ್ರದ ದೃಶ್ಯ. ಬುಡಕಟ್ಟಿನ ಯಜಮಾನ ಮುನಿಆಂಜಿನಪ್ಪ. ಕ್ಯಾಪ್ಟನ್ನಿನ ಬೂಟಿನ ಮುಂದೆ ಮಂಡಿಯೂರಿ, ತಲೆ ನೆಲಕ್ಕೆ ಹಚ್ಚಿ, ಪತ್ರ ಎತ್ತಿ ಕೊಡಬೇಕು. ಮೊದಲ ಸಲ ಅವನಿಗೆ ‘ಆಕ್ಷನ್’ ಕೇಳಿಸಲಿಲ್ಲ. ಎರಡನೆಯ ಸಲ ಮೇಲೆ ವಿಮಾನ ಹೋಯಿತು. ವಿಮಾನಗಳು ಐದು ನಿಮಿಷಕ್ಕೊಂದು ಹೋಗುತ್ತಲೇ ಇದ್ದವು, ಧ್ವನಿ ಹಿಡಿಯುವವನು ಬೈಯುತ್ತಲೇ ಇದ್ದ. ಆಮೇಲೆ ಬೂಟು ಜಾರಿತು. ಆಮೇಲೆ ಮೋಡ ಬಂದು ಬಿಸಿಲು ಹೋಯಿತು. ಜಲ್ಲಿಯ ಮೇಲೆ ಊರಿ ಊರಿ ಮುನಿಆಂಜಿನಪ್ಪನ ಮಂಡಿ ಒಡೆದು ರಕ್ತ ಬಂದಾಗ ನಿರ್ದೇಶಕ ನಿರಂಜನ್ ಅದನ್ನು ಒರೆಸಬೇಡಿ, ಚೆನ್ನಾಗಿದೆ ಎಂದ. ಹನ್ನೊಂದನೆಯ ಸಲಕ್ಕೆ ಅವನಿಗೂ ಸಾಕಾಯಿತು.

“ಮುಖದಲ್ಲಿ ಭಯ ಬೇಕು ಕಣ್ರೀ. ಕಲ್ಲು ಥರ ಕೂತಿದಾನೆ ಈ ತಾತ.”

“ತಾಳಿ ಸಾರ್, ನಾನ್ ತೋರಿಸ್ತೀನಿ,” ಎಂದು ಚನ್ನಕೇಶವ ಕುರ್ಚಿಯಿಂದ ಎದ್ದು ಬಂದ. ಬಂದವನೇ ಮುನಿಆಂಜಿನಪ್ಪನ ಕತ್ತಿನ ಮೇಲೆ ಕೈಯಿಟ್ಟು ಅದುಮಿದ. “ನಮ್ಮಪ್ಪನ ಮುಂದೆ ಎಂಗ್ ಬಗ್ತಿದ್ಯೋ ಅಂಗ್ ಬಗ್ಗೋ ಬೋಳಿಮಗನೆ.”

ಮುನಿಆಂಜಿನಪ್ಪ ಬಗ್ಗಿದ. ಹಣೆ ಜಲ್ಲಿಗೆ ತಾಗಿತು. ಚನ್ನಕೇಶವ ಪಕ್ಕಕ್ಕೆ ಸರಿದ, ಕ್ಯಾಮೆರಾ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಸಿನಿಮಾದವರು ಶಾಮಿಯಾನದಲ್ಲಿ ಉಂಡರು. ಮಸಿ ಮೆತ್ತುತ್ತದೆ, ಕುರ್ಚಿ ಮುಟ್ಟಬೇಡಿ ಎಂದು ಇವರಿಗೆ ಗುಂಡಿಯ ಅಂಚಿನಲ್ಲಿ ಎಲೆ ಹಾಕಿದರು. ಮುನಿಆಂಜಿನಪ್ಪ ಅನ್ನ ಮುಟ್ಟಲಿಲ್ಲ. ಮುನಿಕೆಂಪಮ್ಮ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ. “ಅದು ಅವ್ರಪ್ಪಂದೇ ಕೈ ಅತ್ಗೆ. ಅದೇ ತೂಕ.” ಅವಳು ಅವನ ಎಲೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಸಿಟ್ಟು ಬರಬೇಕಿತ್ತು ಎಂದು ಅವಳಿಗೆ ಅನಿಸಿತು. ಬರಲಿಲ್ಲ.

ಮೂರನೆಯ ದಿನ ಸಂಜೆಯ ಬಿಸಿಲಿನಲ್ಲಿ ಕೊನೆಯ ದೃಶ್ಯ. ಹಡಗಿನಿಂದ ತೋಪು ಹಾರುತ್ತದೆ, ಮನೆಗಳಿಂದ ಹೊಗೆ ಏಳುತ್ತದೆ, ಒಂಬತ್ತು ಮನೆಯವರೂ ಅಳುತ್ತ ಕ್ಯಾಮೆರಾದ ಕಡೆಗೆ ಓಡಿಬರಬೇಕು. ಎಲ್ಲಿಂದ ಓಡಬೇಕೆಂದು ಮನೆಗಳಿಂದ ದೂರದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಇನ್ನೂ ಹೊತ್ತಿತ್ತು. ಗೋಡೆಯ ಗೂಡಿನಲ್ಲಿ ಎಲೆಅಡಿಕೆ ಚೀಲ ಬಿಟ್ಟುಬಂದದ್ದು ನೆನಪಾಗಿ ಮುನಿಕೆಂಪಮ್ಮ ತನ್ನ ಮನೆಗೆ ಹೋದಳು.

ಚೀಲ ಗೂಡಿನಲ್ಲೇ ಇತ್ತು. ಅದರ ಕೆಳಗೆ ಗೋಡೆಯಲ್ಲಿ ಹೊಸ ತೂತು. ಒಳಗೆ ಮದ್ದು ತುಂಬಿ ಬಾಯಿಗೆ ಜೇಡಿಮಣ್ಣು ಗಿಡಿದಿದ್ದರು, ಮಣ್ಣಿನಿಂದ ಎರಡು ವಯರು ಹೊರಗೆ ಬಂದಿದ್ದವು. ಅದನ್ನು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೂವತ್ತು ವರ್ಷ ಅಂಥ ಕುಳಿಗಳಿಗೆ ಮಣ್ಣು ಕಲಸಿ ಕೊಟ್ಟವಳು ಅವಳು. ಇನ್ನೊಂದು ಬಾಗಿಲ ಪಕ್ಕ, ಮತ್ತೊಂದು ಒಲೆಯ ಹಿಂದೆ. ಗರಿಯಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಒಲೆಯ ಹಿಂದಿನ ಆ ಗೋಡೆಗೆ ಒರಗಿಯೇ ಅವಳ ಗಂಡ, ಎದೆಯಲ್ಲಿ ಕಲ್ಲಿನ ದೂಳು ತುಂಬಿ, ಎರಡು ವರ್ಷ ಕೆಮ್ಮಿ ಸತ್ತಿದ್ದ.

ಅವಳು ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಚನ್ನಕೇಶವ ದೊಡ್ಡ ಛತ್ರಿಯ ಕೆಳಗೆ ಕೂತಿದ್ದ. ಬಂದೋಬಸ್ತಿಗೆ ಬಂದ ಇಬ್ಬರು ಪೊಲೀಸರು ಪಕ್ಕದಲ್ಲಿ ಬಜ್ಜಿ ತಿನ್ನುತ್ತಿದ್ದರು.

“ಗೋಡೇಲಿ ಮದ್ದಿಟ್ಟವ್ರೆ ಸಾಮಿ,” ಎಂದಳು.

“ಇಟ್ಟವ್ರೆ. ಏನೀಗ?”

“ಬರೀ ಹೊಗೆ ಅಂದಿದ್ರಿ.”

“ಯಾರ್ ಗೋಡೆನೇ ಅದು? ಕಾಗ್ದ ಐತಾ?”

“ಕಲ್ ನಾವ್ ಒಡ್ದಿದ್ದು.”

“ಒಡ್ದಿದ್ಕೆ ಕೂಲಿ ಈಸ್ಕೊಂಡಿದ್ಯ. ಕಲ್ ನಂದು, ಬಂಡೆ ನಂದು. ನಿನ್ ಗಂಡನ್ನ ಊಳಿದ್ ಜಾಗಾನೂ ನಂದೇ. ಓಗ್ ಗೆರೆ ಮ್ಯಾಗ್ ನಿಂತ್ಕೊ. ಚೆನ್ನಾಗ್ ಅಳು, ಸಿನಿಮಾದಾಗ್ ಬತ್ತೀಯ.”

ಒಬ್ಬ ಪೊಲೀಸಿನವನು ನಕ್ಕ.

ಮುನಿಕೆಂಪಮ್ಮ ಹೋಗಿ ಹೇಳುವವರೆಗೆ ಅವು ಇವರ ಮನೆಗಳೆಂದು ನಂದಿತಾಳಿಗೆ ಗೊತ್ತೇ ಇರಲಿಲ್ಲ. ಅವಳು ಮುನಿಕೆಂಪಮ್ಮನ ಕೈ ಹಿಡಿದುಕೊಂಡಳು. “ಅಮ್ಮಾ, ಇವು ಖಾಲಿ ಮನೆ, ಕೆಡವೋಕಿರೋವು ಅಂತ ಓನರ್ ಲೆಟರ್ ಕೊಟ್ಟಿದಾರೆ. ಮೂರು ದಿನದಿಂದ್ಲೂ ಖಾಲಿನೇ ಇತ್ತಲ್ಲ. ನೀವೆಲ್ಲ ಬೇರೆ ಕಡೆಯಿಂದ ಬರ್ತಿದೀರ ಅಂದ್ಕೊಂಡಿದ್ದೆ.” ಹೇಳಿದವಳೇ ನಿರಂಜನ್ ಹತ್ತಿರ ಓಡಿದಳು. ಅವನು ಸೂರ್ಯನನ್ನು ನೋಡುತ್ತಲೇ ಕೇಳಿಸಿಕೊಂಡ. ಬೆಳಕು ಇನ್ನು ಅರ್ಧ ಗಂಟೆ ಇರುತ್ತದೆ, ಮದ್ದು ತುಂಬಿಯಾಗಿದೆ, ಅದು ಅವರಿಗೂ ಓನರಿಗೂ ಸಂಬಂಧಪಟ್ಟದ್ದು, ಶೂಟಿಂಗ್ ಆದಮೇಲೆ ಮಾತಾಡಿಕೊಳ್ಳಲಿ ಎಂದ. ನಂದಿತಾ ವಾಪಸು ಬಂದು ಅಷ್ಟನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. ಆಮೇಲೆ ಮುನಿಕೆಂಪಮ್ಮನ ತಲೆಯ ಮೇಲಿನ ಕಪ್ಪು ಬಟ್ಟೆಯನ್ನು ಸರಿಪಡಿಸತೊಡಗಿದಳು. ಅದು ಸರಿಯಾಗಿಯೇ ಇತ್ತು.

ಮುನಿಕೆಂಪಮ್ಮ ಗೆರೆಯ ಹತ್ತಿರ ಹೋಗಿ ತನ್ನವರಿಗೆ ವಿಷಯ ತಿಳಿಸಿದಳು. ಯಾರೂ ಕೂಗಾಡಲಿಲ್ಲ. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಕ್ರಷರ್ ಶೆಡ್ಡಿಗೆ ಬೀಗ ಹಾಕಿದ್ದಾರಾ ಎಂದು ಕೇಳಿದಳು. ಹಾಕಿದ್ದರು. ಬೀಗದ ಕೈ ಚನ್ನಕೇಶವನ ಹತ್ತಿರ ಇತ್ತು. ಮುನಿಆಂಜಿನಪ್ಪನಿಗೆ ಮಾತ್ರ ಎರಡನೆಯ ಸಲ, ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು.

“ಎಷ್ಟು ಕುಳಿ?” ಎಂದ.

“ನಮ್ದಕ್ಕೆ ಮೂರು.”

ಅವನು ಮನೆಯ ಕಡೆ ನೋಡಿದ. ಗೋಡೆಯ ದಪ್ಪ ಅವನಿಗೆ ಗೊತ್ತಿತ್ತು. “ಮೂರಕ್ಕೆ ನಿಲ್ಲಲ್ಲ ಬಿಡು.”

ಆಚೆ ದಂಡೆಯಿಂದ ವಿಷಲ್ ಊದಿದರು. ಬಂಡೆಯಲ್ಲಿ ಮದ್ದು ಸಿಡಿಸುವ ಮುಂಚೆಯೂ ಹೀಗೇ ಊದುತ್ತಿದ್ದರು. ವಿಷಲ್ ಅಂದರೆ ಓಡಬೇಕು. ಮುನಿಕೆಂಪಮ್ಮನ ಮೀನಖಂಡ ಬಿಗಿಯಿತು. ಅವಳು ನಿಂತಲ್ಲೇ ಹಿಂದಕ್ಕೆ ತಿರುಗಿದಳು. ಕ್ಯಾಮೆರಾಕ್ಕೆ ಬೆನ್ನಾಯಿತು, ಎದುರಿಗೆ ಮನೆಗಳು. ಸುಣ್ಣದ ಗೆರೆಯ ಮೇಲೆ ಕೂತಳು. ಕಾಲು ಚಾಚಿ, ಸಾವಿನ ಮನೆಯ ಅಂಗಳದಲ್ಲಿ ಕೂರುವ ಹಾಗೆ.

ಮೊದಲ ಮನೆ ಸಿಡಿಯಿತು. ಗರಿ ಹೊತ್ತಿಕೊಂಡಿತು. ಮುನಿಆಂಜಿನಪ್ಪ ಅವಳ ಪಕ್ಕದಲ್ಲಿ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತ. ಎರಡನೆಯ ಮನೆ ಸಿಡಿಯುವಷ್ಟರಲ್ಲಿ ರಾಮಲಕ್ಷ್ಮಮ್ಮ ಕೂತಳು, ಅವಳ ಸೊಸೆ ಕೂತಳು, ಸಾಲು ಪೂರ್ತಿ ಕೂತಿತು.

ಮೈಕಿನಲ್ಲಿ ನಿರಂಜನ್‌ನ ದನಿ ಬರುತ್ತಿತ್ತು. ಏಳಿ, ಓಡಿ, ಈ ಕಡೆ ತಿರುಗಿ, ಅಳಿ. ಮದ್ದಿನ ಸರಪಳಿಯನ್ನು ನಡುವೆ ನಿಲ್ಲಿಸುವ ಹಾಗಿರಲಿಲ್ಲ. ಮೂರನೆಯದು ಹೋಯಿತು, ನಾಲ್ಕನೆಯದು ಹೋಯಿತು. ಚನ್ನಕೇಶವ ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಕ್ಯಾಮೆರಾದ ಮುಂದೆಯೇ ಓಡಿಬಂದ. “ಎದ್ದೇಳ್ರೋ ಸೂಳೆಮಕ್ಳ, ನನ್ ಮಾನ ಕಳೀತೀರ” ಎಂದು ಮುನಿಆಂಜಿನಪ್ಪನ ಬೆನ್ನಿಗೆ ಒದ್ದ. ಮುನಿಆಂಜಿನಪ್ಪ ಮುಂದಕ್ಕೆ ವಾಲಿ, ಮತ್ತೆ ನೆಟ್ಟಗೆ ಕೂತ. ತಿರುಗಿ ನೋಡಲಿಲ್ಲ. ಚನ್ನಕೇಶವ ಮುನಿಕೆಂಪಮ್ಮನ ರಟ್ಟೆ ಹಿಡಿದು ಎಳೆದ. ಅವಳು ಮೈಯನ್ನು ಸಡಿಲ ಬಿಟ್ಟಳು. ಆ ಭಾರ ಅವನ ಕೈಲಿ ಏಳಲಿಲ್ಲ.

“ಯಾರ್ರೀ ಅದು ಬಿಳಿ ಪಂಚೆ. ತೆಗೀರಿ ಅವನನ್ನ,” ಎಂದಿತು ಮೈಕು.

ಐದನೆಯದು ಅವಳ ಮನೆ. ಮೊದಲು ಬಾಗಿಲ ಪಕ್ಕದ ಗೋಡೆ ಹೋಯಿತು, ಆಮೇಲೆ ಗೂಡಿದ್ದ ಗೋಡೆ. ಒಲೆಯ ಹಿಂದಿನ ಗೋಡೆ ಸ್ವಲ್ಪ ಹೊತ್ತು ಒಂಟಿಯಾಗಿ ನಿಂತಿತ್ತು. ಮುನಿಕೆಂಪಮ್ಮ ಅದನ್ನೇ ನೋಡುತ್ತಿದ್ದಳು. ಅದೂ ಮಲಗಿತು. ದೂಳು ಬಂದು ಎಲ್ಲರ ಮೇಲೂ, ಚನ್ನಕೇಶವನ ಮೇಲೂ ಕೂತಿತು. ಅವಳಿಗೆ ಅಳು ಬರಲಿಲ್ಲ. ಚೀಲ ಬಿಚ್ಚಿ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಮೈದುನನ ಕೈಗಿಟ್ಟಳು.

ಒಂಬತ್ತೂ ಮುಗಿದ ಮೇಲೆ ಸಿನಿಮಾದವರು ಪರದೆಯ ಸುತ್ತ ಸೇರಿದರು. ಎಷ್ಟು ಸಲ ಹಾಕಿ ನೋಡಿದರೂ ಉರಿಯುವ ಊರಿನ ಮುಂದೆ ಕೂತ ಒಂದು ಸಾಲು ಬೆನ್ನುಗಳು, ಅವುಗಳನ್ನು ಒದೆಯುತ್ತಿರುವ ಒಬ್ಬ ಮನುಷ್ಯ, ಇಷ್ಟೇ ಇತ್ತು. ಕಂಪ್ಯೂಟರಿನಲ್ಲಿ ಇವರನ್ನೆಲ್ಲ ಅಳಿಸಿಹಾಕಲು ಆಗುತ್ತಾ ಎಂದು ನಿರಂಜನ್ ವಿಚಾರಿಸಿದ. ಅಳಿಸಬಹುದು, ಟೈಮು ಹಿಡಿಯುತ್ತದೆ ಎಂದು ಒಬ್ಬ ಹೇಳಿದ. ನಂದಿತಾ ದೂರದಲ್ಲಿ ಜಲ್ಲಿಯ ರಾಶಿಯ ಮೇಲೆ ಕೂತಿದ್ದಳು. ಅವಳನ್ನು ಯಾರೋ ಎರಡು ಸಲ ಕರೆದರು. ಅವಳು ಏಳಲಿಲ್ಲ.

ಕಂಪನಿಗೆ ನಷ್ಟ ಮಾಡಿದರು ಎಂದು ದೂರು ಬರೆದುಕೊಳ್ಳಲು ಪೊಲೀಸಿನವನು ಪುಸ್ತಕ ಹಿಡಿದು ಗೆರೆಯ ಹತ್ತಿರ ಬಂದ. ಬೆಂಕಿ ಇನ್ನೂ ಆರಿರಲಿಲ್ಲ. ಮೊದಲು ಮುನಿಕೆಂಪಮ್ಮನನ್ನು ಕೇಳಿದ.

“ಹೆಸರು?”

ಹೇಳಿದಳು.

“ವಿಳಾಸ?”

ಅವಳು ಬಲಗೈ ಎತ್ತಿ ಎದುರಿಗೆ ತೋರಿಸಿದಳು. ಪೊಲೀಸಿನವನು ಆ ಕಡೆ ನೋಡಿ, ಪೆನ್ನು ಹಾಗೇ ಹಿಡಿದುಕೊಂಡು ನಿಂತ.

“ಬರ್ಕೋ ಸಾಮಿ,” ಎಂದಳು ಮುನಿಕೆಂಪಮ್ಮ. “ಐದ್ನೇದು.”

ಅವನು ಪೆನ್ನಿನ ಮುಚ್ಚಳ ಹಾಕಿದ. ಅವಳು ಕೈ ಇಳಿಸಲಿಲ್ಲ.