ಮುಚ್ಚಿದ ಬೋರ್ಡಿನ ಮೂರನೆಯ ಸಾಲು

ನಮ್ಮ ಯಜಮಾನರಿಗೆ ರಸ್ತೆಯ ಹುಚ್ಚು. ಬೇರೆ ಗಂಡಸರಿಗೆ ಇಸ್ಪೀಟಿನದೋ ಕುಡಿತದ್ದೋ ಇರುವ ಹಾಗೆ ಇವರಿಗೆ ಹೆದ್ದಾರಿಯದು. ಎಲ್ಲಿ ಹೊಸ ಮೇಲ್ಸೇತುವೆಗೆ ಕಂಬ ಎದ್ದಿದೆ, ಯಾವ ತಿರುವಿನಲ್ಲಿ ಹಳೆಯ ಬೋರ್ಡು ಕಿತ್ತು ಹೊಸದು ನೆಟ್ಟಿದ್ದಾರೆ, ಯಾವ ಕೂಡುರಸ್ತೆಯ ಆಕಾರ ಬದಲಾಗಿದೆ ಎಂಬುದೆಲ್ಲ ಇವರಿಗೆ ಹೊತ್ತಾರೆ ಎದ್ದ ಕೂಡಲೇ ಬೇಕು. ಮನೆಯಲ್ಲಿ ಸಕ್ಕರೆ ಮುಗಿದದ್ದು ಮಾತ್ರ ಗೊತ್ತಾಗುವುದಿಲ್ಲ.

ಭಾನುವಾರ ಬಂತೆಂದರೆ ಕಾರು ತೆಗೆಯಬೇಕು. ಓಡಿಸುವವಳು ನಾನು. ಇವರು ಓಡಿಸಿದರೆ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಬೋರ್ಡಿನ ಮೇಲಿರುತ್ತದೆ. ಹಾಗೆ ನೋಡುತ್ತಾ ಒಮ್ಮೆ ಜಲ್ಲಿಯ ರಾಶಿಗೆ ಗುದ್ದಿದ ಮೇಲೆ ನಾನು ಕೀಲಿ ಕಿತ್ತುಕೊಂಡೆ. ಈಗ ಇವರದು ಪಕ್ಕದ ಸೀಟು, ಮಡಿಲಲ್ಲಿ ಕ್ಯಾಮೆರಾ. ಮುಂದಿನ ಗಾಜಿಗೆ ಅಂಟಿಸಿದ ಇನ್ನೊಂದು ಸಣ್ಣ ಕ್ಯಾಮೆರಾಕ್ಕೆ ಕೇಳುವ ಹಾಗೆ ಜೋರಾಗಿ ಹೇಳುತ್ತಾ ಹೋಗುತ್ತಾರೆ. "ಎಡಕ್ಕೆ ಹೊಸ ತಡೆಗೋಡೆ. ಮೇಲೆ ಕಮಾನು ನಿಲ್ಲಿಸಿದಾರೆ, ಬೋರ್ಡು ಇನ್ನೂ ಬಂದಿಲ್ಲ. ನಿಧಾನ, ನಿಧಾನ ಕಣೇ!" ನಾನು ನಿಧಾನ ಮಾಡುತ್ತೇನೆ. ಹಿಂದಿನ ಲಾರಿಯವನು ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ನನ್ನ ವಂಶವನ್ನೆಲ್ಲ ಜಾಲಾಡಿ ಮುಂದಕ್ಕೆ ಹೋಗುತ್ತಾನೆ. ಬೈಗುಳವೆಲ್ಲ ನನಗೆ, ಫೋಟೋ ಇವರಿಗೆ.

ತೆಗೆದದ್ದನ್ನೆಲ್ಲ ಇಂಟರ್ನೆಟ್ಟಿಗೆ ಹಾಕುತ್ತಾರೆ. ಇವರಂಥವರದೇ ಒಂದು ಗುಂಪಿದೆ ಅಲ್ಲಿ. ಕಮಾನಿನ ಕಂಬದ ಫೋಟೋ ನೋಡಿ ಆಹಾ ಎನ್ನುವ ಜನ. ಅವರೆಲ್ಲ ಇವರನ್ನು ಗುರುಗಳೇ ಎಂದು ಕರೆಯುತ್ತಾರೆ. ಮನೆಯಲ್ಲಿ ಬಲ್ಬು ಬದಲಾಯಿಸಲು ನನ್ನನ್ನು ಕೂಗುವ ಗುರುಗಳು. ಆದರೂ ಒಂದು ಮಾತು ಒಪ್ಪಬೇಕು. ಮದುವೆಯಾದಾಗಿನಿಂದ ಇವರು ಹೇಳಿದ್ದೆಲ್ಲ ತಲೆಕೆಳಗಾಗಿದೆ, ಕೊಂಡ ಸ್ಕೂಟರು ಕೆಟ್ಟಿದೆ, ನಂಬಿದ ಸ್ನೇಹಿತ ಕೈಕೊಟ್ಟಿದ್ದಾನೆ, ಆದರೆ ರಸ್ತೆಯ ವಿಷಯದಲ್ಲಿ ಮಾತ್ರ ಇವರ ಮಾತು ಸುಳ್ಳಾದದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿ ಸುರಂಗ ಬರುತ್ತದೆ ಎಂದರೆ ಬಂತು. ಈ ಸಿಗ್ನಲ್ ತೆಗೆಯುತ್ತಾರೆ ಎಂದರೆ ತೆಗೆದರು.

ಹೊಟ್ಟೆಪಾಡಿಗೆ ನಮಗೊಂದು ಲಾಡ್ಜು. ಎರಡು ಹಳೆಯ ರಸ್ತೆಗಳು ಕೂಡುವಲ್ಲಿ, ಎರಡಂತಸ್ತಿನ ಕಟ್ಟಡ. ನಾವಿಬ್ಬರೂ ದುಡಿದದ್ದೆಲ್ಲ ಆ ಗೋಡೆಗಳಲ್ಲಿದೆ. ಬರುವವರು ಲಾರಿ ಡ್ರೈವರುಗಳು, ಔಷಧ ಮಾರುವವರು, ದಾರಿಯಲ್ಲಿ ಗಾಡಿ ಕೆಟ್ಟು ನಿಂತವರು. ಕೌಂಟರಿನಲ್ಲಿ ನಮ್ಮ ಅತ್ತೆ ಕೂರುತ್ತಾರೆ. ರೂಮಿನ ಕೀಲಿ ಕೊಡುವುದರೊಳಗೆ ಗಿರಾಕಿಗೆ ಎಷ್ಟು ಮಕ್ಕಳು, ಹೆಂಡತಿಯ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿ ಮುಗಿಸಿರುತ್ತಾರೆ. ಆ ಮಾತಿಗಾಗಿಯೇ ಎಷ್ಟೋ ಡ್ರೈವರುಗಳು ಬೇರೆ ಕಡೆ ಹೋಗದೆ ನಮ್ಮಲ್ಲಿಗೆ ಬರುತ್ತಿದ್ದರು.

ಆ ಲಾಡ್ಜಿನ ಬೆನ್ನಿಗೇ ಹೊಸ ಹೆದ್ದಾರಿ ಬಂತು. ಮಣ್ಣು ಸುರಿದು ಸುರಿದು ನಮ್ಮ ಮಹಡಿಯ ಎತ್ತರಕ್ಕೆ ಏರಿಸಿದರು. ಹಗಲೆಲ್ಲ ಟಿಪ್ಪರುಗಳು, ರೋಲರುಗಳು. ಬಾಗಿಲು ಮುಚ್ಚಿದ ರೂಮಿನೊಳಗೂ ಹಾಸಿಗೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ನಾನು ಗೊಣಗುತ್ತಾ ಕೊಡವುತ್ತಿದ್ದೆ, ಇವರು ಮಹಡಿಯ ಮೇಲೆ ನಿಂತು ಖುಷಿಯಿಂದ ಫೋಟೋ ತೆಗೆಯುತ್ತಿದ್ದರು.

ಹೆದ್ದಾರಿ ಓಪನ್ ಆಯಿತೆಂದರೆ ಅಂದಿನಿಂದ ಗಾಡಿಗಳೆಲ್ಲ ಮೇಲೆ ಹೋಗುತ್ತವೆ, ಹಳೆಯ ರಸ್ತೆಯಲ್ಲಿ ನಾಯಿ ಮಲಗುತ್ತದೆ. ಅದು ಗೊತ್ತಿದ್ದದ್ದೇ. ಆದರೆ ಮೇಲಿನಿಂದ ನಮ್ಮ ಕೂಡುರಸ್ತೆಗೆ ಇಳಿಯಲು ಎಕ್ಸಿಟ್ ಕೊಟ್ಟರೆ ಲಾಡ್ಜು ಉಳಿಯುತ್ತದೆ, ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತದೆ. ಕೊಡದಿದ್ದರೆ ಬಾಗಿಲು ಹಾಕಬೇಕು. ವಿಷಯ ಅಷ್ಟೇ.

ಮೊದಲ ನಕ್ಷೆಯಲ್ಲಿ ಎಕ್ಸಿಟ್ ಇತ್ತು. ಎರಡನೆಯದರಲ್ಲಿ ಇರಲಿಲ್ಲ. ಆಮೇಲೆ ಮತ್ತೆ ಸೇರಿಸಿದ್ದಾರೆ ಎಂಬ ಸುದ್ದಿ ಹುಟ್ಟಿತು. ರಸ್ತೆಯವರ ಆಫೀಸಿಗೆ ಹೋಗಿ ಕೇಳಿದೆವು. ಅಲ್ಲಿನ ಎಂಜಿನಿಯರು ಒಳ್ಳೆಯ ಮನುಷ್ಯನೇ, ಕುರ್ಚಿ ಕೊಟ್ಟು ಕೂರಿಸಿದ. "ನನ್ನ ಕೈಲಿ ಏನೂ ಇಲ್ಲಮ್ಮ, ಮೇಲಿನೋರು ತೀರ್ಮಾನ ಮಾಡ್ತಾರೆ" ಎಂದ. ಮೇಲಿನವರು ಯಾರು ಎಂದರೆ ಚಾವಣಿಯ ಫ್ಯಾನನ್ನು ನೋಡಿದ. ನಮ್ಮ ಕೂಡುರಸ್ತೆಯಿಂದ ಹೆದ್ದಾರಿಗೆ ಟಿಪ್ಪರುಗಳು ಹತ್ತುತ್ತಿದ್ದ ಮಣ್ಣಿನ ಏರು ಮಾತ್ರ ಹಾಗೇ ಇತ್ತು. ಅದಕ್ಕೆ ಟಾರು ಹಾಕಿದರೆ ಅದೇ ಎಕ್ಸಿಟ್ಟು ಎಂದು ಇವರು ಹೇಳುತ್ತಿದ್ದರು. ಹಾಕಿದರೆ ತಾನೆ ಎಂದು ನಾನು ಹೇಳುತ್ತಿದ್ದೆ.

ಈ ಹೊತ್ತಿನಲ್ಲೇ ಗೋಡೌನಿನವರು ಬಂದದ್ದು. ಸರಕು ತುಂಬಿಡಲು ಜಾಗ ಹುಡುಕುತ್ತಿದ್ದ ವ್ಯಾಪಾರಿ. ಲಾಡ್ಜು ಸುತ್ತಿ ನೋಡಿ, ಗೋಡೆ ತಟ್ಟಿ ನೋಡಿ, ಕೌಂಟರಿನ ಮುಂದೆ ಕೂತರು.

"ಎಕ್ಸಿಟ್ ಬರ್ಲಿ ಬಿಡ್ಲಿ, ನನಗೆ ಕಟ್ಟಡ ಬೇಕು. ಒಳ್ಳೇ ಬೆಲೆನೇ ಕೊಡ್ತೀನಿ. ಆದ್ರೆ ಆ ಕಡೆ ಇನ್ನೊಂದು ಜಾಗನೂ ನೋಡಿದೀನಿ. ಈ ವಾರದೊಳಗೆ ಒಂದು ಮಾತು ಹೇಳ್ಬಿಡಿ ಅಕ್ಕಾ."

"ಯೋಚ್ನೆ ಮಾಡಿ ಹೇಳ್ತೀವಿ" ಎಂದೆ. ನಿಜ ಹೇಳಬೇಕೆಂದರೆ ಕೊಟ್ಟುಬಿಡೋಣ ಎಂದೇ ಇತ್ತು ನನಗೆ. ಕೊಟ್ಟು ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಾಕಿಕೊಂಡು, ಧೂಳಿಲ್ಲದ ಕಡೆ ಇರೋಣ ಎಂದು. ಅತ್ತೆ ಮಾತ್ರ ಎರಡು ದಿನ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಲಾಡ್ಜಿನ ಗಡಿಯಾರ ನಿಂತ ಹಾಗೆ.

ಆ ವಾರದ ಭಾನುವಾರ ಕಾರು ತೆಗೆದಾಗ ಬೋರ್ಡುಗಳು ಬಂದಿದ್ದವು. ಹೊಸ ರಸ್ತೆ ಓಪನ್ ಆಗುವವರೆಗೆ ಬೋರ್ಡಿನ ಮೇಲೆ ಕಪ್ಪು ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿರುತ್ತಾರೆ, ದಾರಿಹೋಕರು ಓದಿ ದಾರಿ ತಪ್ಪಬಾರದೆಂದು. ನಮ್ಮ ಕೂಡುರಸ್ತೆಗೆ ಸ್ವಲ್ಪ ಹಿಂದೆ, ಹೆದ್ದಾರಿಗೆ ಅಡ್ಡಲಾಗಿ ನಿಂತ ಕಬ್ಬಿಣದ ಕಮಾನಿನ ಮೇಲೆ ಅಂಥದೊಂದು ಕೂತಿತ್ತು. ಇವರು ಕಾರು ನಿಲ್ಲಿಸು ಎಂದು ಕೂಡ ಹೇಳಲಿಲ್ಲ, ನನ್ನ ತೋಳು ಹಿಡಿದುಕೊಂಡರು. ನಾನು ಹಳೆಯ ರಸ್ತೆಯ ಅಂಚಿಗೆ ನಿಲ್ಲಿಸಿದೆ. ಇಳಿದು, ಒಣಹುಲ್ಲಿನಲ್ಲಿ ಮಂಡಿಯೂರಿ, ಉದ್ದ ಲೆನ್ಸು ಹಾಕಿ ತೆಗೆದರು. ಆ ಕಡೆಯಿಂದ ತೆಗೆದರು, ಈ ಕಡೆಯಿಂದ ತೆಗೆದರು.

ಲಾಡ್ಜಿಗೆ ಬಂದವರೇ ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಬಿಡಿಸಿ ಕೂತರು. ಊಟಕ್ಕೆ ಕರೆದರೆ ಕೈ ಆಡಿಸಿದರು. ಆಗಲೇ ಓಪನ್ ಆಗಿದ್ದ ಭಾಗದಲ್ಲಿ ತಾವು ತೆಗೆದ ಬೋರ್ಡುಗಳನ್ನೆಲ್ಲ ಹರಡಿಕೊಂಡು, ಕಮಾನಿನ ಕಂಬಕ್ಕೂ ಬೋರ್ಡಿನ ಎತ್ತರಕ್ಕೂ ತಾಳೆ ಹಾಕಿದರು. ಸಂಜೆ ಅತ್ತೆಯನ್ನೂ ನನ್ನನ್ನೂ ಕರೆದರು. ಕಣ್ಣು ಹೊಳೆಯುತ್ತಿದ್ದವು.

"ಇಲ್ನೋಡಿ. ಎಕ್ಸಿಟ್ ಇಲ್ಲದ ಕಡೆ ಬೋರ್ಡಲ್ಲಿ ಎರಡೇ ಸಾಲು. ಮುಂದಿನ ದೊಡ್ಡ ಊರು, ಅದಾದ್ಮೇಲೆ ಹಡಗಿನ ಬಂದರು. ಎಕ್ಸಿಟ್ ಇರೋ ಕಡೆ ಮೂರು. ಮೂರನೇದು ಯಾವಾಗ್ಲೂ ಇಳಿಯೋ ಊರು. ಇಷ್ಟುದ್ದಕ್ಕೂ ಹೀಗೇ, ಒಂದು ಕಡೆನೂ ತಪ್ಪಿಲ್ಲ. ಈಗ ನಮ್ಮ ಬೋರ್ಡಿನ ಎತ್ತರ ನೋಡಿ."

"ಎಷ್ಟು ಸಾಲೋ?" ಎಂದರು ಅತ್ತೆ. ಎರಡು ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು.

"ಮೂರು ಕಣಮ್ಮ."

ನನಗೆ ಸಮಾಧಾನವಾಗಲಿಲ್ಲ. "ಮೂರನೇ ಸಾಲಲ್ಲಿ ಇನ್ನೇನಾದ್ರೂ ಇದ್ರೆ?"

"ಇನ್ನೇನಿರುತ್ತೆ? ನಿನ್ನ ಹೆಸರಿರುತ್ತಾ?"

"ರೀ, ತಮಾಷೆ ಬೇಡ. ಗ್ಯಾರಂಟಿನಾ?"

ಇವರು ಕೂಡಲೇ ಗುಂಪಿನವರಿಗೆಲ್ಲ ಆ ಫೋಟೋ ಕಳಿಸಿದರು. ಟೀ ಆರುವುದರೊಳಗೆ ಉತ್ತರಗಳು ಬಂದವು. ಮೂರೇ ಸಾಲು ಗುರುಗಳೇ, ನಿಮ್ಮೂರಿನ ಎಕ್ಸಿಟ್ಟೇ ಗುರುಗಳೇ, ಅಭಿನಂದನೆ ಗುರುಗಳೇ. ಯಾರೋ ಒಬ್ಬ, ರೂಮಿಗೆ ಡಿಸ್ಕೌಂಟ್ ಕೊಡಿ ಎಂದು ಕೂಡ ಬರೆದಿದ್ದ. ಇವರು ಅದನ್ನೆಲ್ಲ ನನಗೆ ಓದಿ ಹೇಳಿದರು. ಒಂದೊಂದನ್ನೂ ಎರಡೆರಡು ಸಲ ಓದಿದರು. ಅಷ್ಟು ವರ್ಷ ನಾನು ಆಡಿಕೊಂಡು ನಕ್ಕ ಹುಚ್ಚು ಕೊನೆಗೂ ಮನೆಗೆ ಉಪಯೋಗಕ್ಕೆ ಬಂತೆಂಬ ಸಂತೋಷ ಅದು. ಆ ಮುಖ ನೋಡಿ ನಾನು ಕರಗಿಹೋದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಗಂಡನ ಮಾತನ್ನು ಕಣ್ಣು ಮುಚ್ಚಿ ನಂಬುವ ಸುಖ ಏನೆಂದು ಆವತ್ತೇ ನನಗೆ ಗೊತ್ತಾದದ್ದು.

ಮರುದಿನ ಗೋಡೌನಿನವರಿಗೆ ನಾನೇ ಫೋನ್ ಮಾಡಿ ಆಗುವುದಿಲ್ಲ ಎಂದೆ. "ನಿಮ್ಮಿಷ್ಟ ಅಕ್ಕಾ" ಎಂದರು. ವಾರ ಕಳೆಯುವುದರೊಳಗೆ ಆ ಕಡೆಯ ಜಾಗ ಬರೆಸಿಕೊಂಡರಂತೆ.

ಆಮೇಲೆ ನಮ್ಮ ಸಂಭ್ರಮ ಹೇಳತೀರದು. ಲಾಡ್ಜಿಗೆ ಸುಣ್ಣಬಣ್ಣ ಮಾಡಿಸಿದೆವು. ಧೂಳು ತಿಂದ ಹಾಸಿಗೆಗಳನ್ನು ಎಸೆದು ಹೊಸವು ತಂದೆವು. ಹೆದ್ದಾರಿಯ ಕಡೆಗೆ ಕಾಣುವ ಹಾಗೆ ಮಹಡಿಯ ಮೇಲೆ ದೊಡ್ಡ ನಾಮಫಲಕ ಎಬ್ಬಿಸಿದೆವು. ಅತ್ತೆ ಎಲ್ಲ ಕೀಲಿಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದರು. "ಲಾರಿಯೋರು ಪಾಪ, ಅಷ್ಟು ದೂರದಿಂದ ಬರ್ತಾರೆ, ಕೀಲಿನಾದ್ರೂ ಫಳಫಳ ಅನ್ಲಿ" ಎಂದರು. ಮಣ್ಣಿನ ಏರಿಗೆ ಇನ್ನೂ ಟಾರು ಬಿದ್ದಿರಲಿಲ್ಲ. ನಾನು ಕೇಳಿದಾಗಲೆಲ್ಲ ಇವರದು ಒಂದೇ ಉತ್ತರ. "ಎಕ್ಸಿಟ್ಟಿನ ಟಾರು ಯಾವಾಗ್ಲೂ ಕೊನೆಗೇ ಹಾಕೋದು. ಬೋರ್ಡು ಮೊದಲು, ಟಾರು ಆಮೇಲೆ. ಎಲ್ಲಾ ಕಡೆನೂ ನೋಡಿದೀನಿ." ನೋಡಿದ್ದರು, ಅದೂ ನಿಜ. ಅವರ ಹಳೆಯ ಫೋಟೋಗಳಲ್ಲಿ ಹಾಗೇ ಇತ್ತು.

ಓಪನ್ ಆಗುವ ದಿನ ಬೆಳಗ್ಗೆ ನಾವಿಬ್ಬರೂ ಹಳೆಯ ರಸ್ತೆಯಲ್ಲೇ ಹಿಂದಕ್ಕೆ ಹೋಗಿ, ಹಿಂದಿನ ಊರಿನ ಹತ್ತಿರ ಹೆದ್ದಾರಿ ಹತ್ತಿದೆವು. ಹೊಸ ರಸ್ತೆಯ ಮೇಲೆ ಬಂದು ನಮ್ಮ ಎಕ್ಸಿಟ್ಟಿನಲ್ಲಿ ಮೊದಲು ಇಳಿಯುವವರು ನಾವೇ ಆಗಬೇಕು, ಅದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು ಎಂಬುದು ಇವರ ಆಸೆ. ಟಾರು ಬೀಳದಿದ್ದರೇನು, ಟಿಪ್ಪರಿನ ಹಾಗೆ ಮಣ್ಣಿನ ಮೇಲೇ ಇಳಿದರಾಯಿತು ಎಂದಿದ್ದರು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, "ಇಳಿಯೋದನ್ನ ಮಹಡಿ ಮೇಲಿಂದ ನೋಡ್ತೀನಿ" ಎಂದಿದ್ದರು. ಹೊಸ ಟಾರಿನ ಮೇಲೆ ಚಕ್ರದ ಸದ್ದೇ ಬೇರೆ. ನಮ್ಮ ಹಿಂದೆಯೂ ಮುಂದೆಯೂ ಲಾರಿಗಳು ಸಾಲುಗಟ್ಟಿದ್ದವು. ಇಷ್ಟು ಗಾಡಿಗಳಲ್ಲಿ ಹತ್ತರಲ್ಲೊಂದು ಇಳಿದರೂ ನಮಗೆ ರೂಮು ಸಾಲುವುದಿಲ್ಲ ಎಂದುಕೊಂಡು ಒಳಗೊಳಗೇ ಬೀಗಿದೆ.

"ಬಂತು, ಬಂತು, ನಿಧಾನ" ಎಂದರು ಇವರು.

ಕಮಾನು ಕಾಣಿಸಿತು. ಟಾರ್ಪಾಲು ತೆಗೆದಿದ್ದರು. ಹಸಿರು ಬೋರ್ಡು, ಬಿಳಿಯ ಅಕ್ಷರ. ಇವರು ಜೋರಾಗಿ ಓದಲು ಶುರು ಮಾಡಿದರು. ಮೊದಲ ಸಾಲು, ಮುಂದಿನ ದೊಡ್ಡ ಊರು. ಎರಡನೆಯ ಸಾಲು, ಬಂದರು. ಅಲ್ಲಿಗೆ ನಿಲ್ಲಿಸಿದರು. ಮೂರನೆಯದನ್ನು ನಾನೇ ಓದಿಕೊಂಡೆ.

ಮುಂದಿನ 22 ಕಿ.ಮೀ. ನಿರ್ಗಮನವಿಲ್ಲ.

ನಾನು ಬ್ರೇಕ್ ಒತ್ತಿದೆ. ಹಿಂದಿನಿಂದ ಹಾರ್ನ್ ಮೊಳಗಿತು. ನಿಲ್ಲುವ ಹಾಗಿಲ್ಲ, ತಿರುಗುವ ಹಾಗಿಲ್ಲ, ಎರಡೂ ಕಡೆ ತಡೆಗೋಡೆ. ಮತ್ತೆ ಗೇರು ಹಾಕಿದೆ.

"ಮೂರು ಸಾಲೇ ಇತ್ತು ಕಣೇ" ಎಂದರು ಇವರು ಬಹಳ ಮೆಲ್ಲಗೆ. "ಲೆಕ್ಕ ತಪ್ಪಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅನ್ನಬೇಕೆಂದು ಅವರ ಕಡೆ ತಿರುಗಿದೆ. ಇವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹಾಗೆ ಕೂತಿದ್ದರು. ಮುಖವನ್ನು ಮತ್ತೆ ರಸ್ತೆಯ ಕಡೆ ತಿರುಗಿಸಿದೆ.

ತಿರುವು ದಾಟಿದ ಕೂಡಲೇ ನಮ್ಮ ಲಾಡ್ಜು ಕಂಡಿತು. ಎಷ್ಟು ಹತ್ತಿರ ಎಂದರೆ ಹೊಸ ಬಣ್ಣದ ಮೇಲೆ ಕೂತ ಧೂಳೂ ಕಾಣುತ್ತಿತ್ತು. ಟಿಪ್ಪರುಗಳ ಮಣ್ಣಿನ ಏರು ಇದ್ದ ಕಡೆ ರಾತ್ರೋರಾತ್ರಿ ಅಡ್ಡಲಾಗಿ ತಡೆಗೋಡೆ ಎಬ್ಬಿಸಿ ಮುಗಿಸಿದ್ದರು. ಅತ್ತೆ ಮಹಡಿಯ ಮೇಲಿದ್ದರು. ನಮ್ಮ ಕಾರು ಗುರುತು ಹಿಡಿದು ಟವೆಲ್ಲು ಬೀಸಿದರು. ಬನ್ನಿ ಬನ್ನಿ ಎಂದು ಕೈ ಮಾಡಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಬೇಗ ಬೇಗ ಮೆಟ್ಟಿಲ ಕಡೆ ನಡೆದರು.

"ಗೇಟ್ ತೆಗೆಯೋಕೆ ಹೋಗ್ತಿದಾಳೆ" ಎಂದರು ಇವರು. ಅಷ್ಟರಲ್ಲಿ ಲಾಡ್ಜು ಹಿಂದಾಯಿತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಇವರು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

"ಎಲ್ಲಿದೀರೇ? ಗೇಟ್ ತೆಗೆದು ನಿಂತಿದೀನಿ." ಅತ್ತೆಗೆ ಏದುಸಿರು ಬರುತ್ತಿತ್ತು.

"ಬರ್ತೀವಿ ಅತ್ತೆ. ಸ್ವಲ್ಪ ತಡ ಆಗುತ್ತೆ."

"ನಿಧಾನವಾಗೇ ಬನ್ನಿ, ಅವಸರ ಏನಿಲ್ಲ. ಹಿಂದೆ ಲಾರಿಗಳು ಬರ್ತಿವೆ ತಾನೆ?"

ಕನ್ನಡಿಯಲ್ಲಿ ನೋಡಿದೆ. "ಬರ್ತಿವೆ" ಎಂದೆ.

"ಹಾಗಾದ್ರೆ ಎಲ್ಲಾ ರೂಮಿಗೂ ಹೊಸ ಹೊದಿಕೆ ಹಾಸಿಬಿಡ್ತೀನಿ" ಎಂದು ಅತ್ತೆ ಫೋನ್ ಇಟ್ಟರು.